ಎಲ್ಲರ ಜೊತೆ ಹೇಳುತ್ತೇನೆ

ಆಗಸ್ಟ್ ತಿಂಗಳು ಬಂತೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನ ಕಾಲೆಳೆಯಲು ಶುರು ಮಾಡುತ್ತಾರೆ. ಗೌರಿಬಿದನೂರಿನ ಹತ್ತಿರದ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಸ್ವಾತಂತ್ರ್ಯ ದಿನದಂದು ಬಾರದ ಮಕ್ಕಳನ್ನು ಮಾರನೆಯ ದಿನ ಪ್ರಾರ್ಥನೆಯ ಹೊತ್ತಿಗೆ ಮುಂದೆ ಕರೆದು ನಿಲ್ಲಿಸಿ ಕಾರಣ ಕೇಳುವುದು ಎಷ್ಟೋ ಶಾಲೆಗಳ ರೂಢಿ. ನನ್ನ ತರಗತಿಯ ಮಕ್ಕಳನ್ನು ನಾನು ಹಾಗೆ ಕಳಿಸುವುದಿಲ್ಲ. ಕಾರಣ ಕೇಳುತ್ತೇನೆ, ಆದರೆ ನನ್ನ ಮೇಜಿನ ಹತ್ತಿರ ಕರೆದು, ಅವರಿಗೂ ನನಗೂ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ. "ಮೇಡಂ ಕ್ಲಾಸಿಗೆ ಆಗಸ್ಟ್ ಹದಿನೈದು ಆಪ್ಷನಲ್" ಎಂದು ಸಹೋದ್ಯೋಗಿಗಳು ನಗುತ್ತಾರೆ. ನಗಲಿ. ನಾನು ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವವಳು, ಆದರೆ ಈ ಮಾತಿಗೆ ಮಾತ್ರ ನನಗೆ ಕೋಪ ಬರುವುದಿಲ್ಲ. ಈ ಬುದ್ಧಿ ನನ್ನ ಸ್ವಂತದ್ದಲ್ಲ. ನನಗೆ ಅದನ್ನು ಕೊಟ್ಟವರನ್ನು ನೆನೆಸಿಕೊಂಡರೆ ಮನಸ್ಸು ತಣ್ಣಗಾಗುತ್ತದೆ.

ನಾನು ಎಂಟರಿಂದ ಹತ್ತನೆಯ ತರಗತಿಯವರೆಗೆ ಓದಿದ್ದು ಶಿಡ್ಲಘಟ್ಟದಲ್ಲಿ. ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದೆ. ನಮ್ಮದು ರೇಷ್ಮೆ ಬೆಳೆಯುವ ಮನೆ. ಅಪ್ಪ ಹಿಪ್ಪುನೇರಳೆ ತೋಟ ನೋಡಿಕೊಂಡರೆ ಅಮ್ಮ ಹುಳುಮನೆ ನೋಡಿಕೊಳ್ಳುತ್ತಿದ್ದಳು. ಹುಳುಮನೆಯ ವಿಷಯದಲ್ಲಿ ಅಮ್ಮನ ಮುಂದೆ ಯಾರ ಆಟವೂ ನಡೆಯುತ್ತಿರಲಿಲ್ಲ. ಚಪ್ಪಲಿ ಹೊರಗೆ, ಕೈಕಾಲು ತೊಳೆದು ಒಳಗೆ. ಮುಖಕ್ಕೆ ಪೌಡರ್ ಹಾಕಿಕೊಂಡು ಬಾಗಿಲಲ್ಲಿ ಕಾಲಿಟ್ಟರೆ ಬೈಗುಳ. ಹೊರಗಿನವರಿಗಂತೂ, ಸ್ವಂತ ತಮ್ಮನಾದರೂ ಸರಿ, ಪ್ರವೇಶವೇ ಇಲ್ಲ.

ನನ್ನ ಪಕ್ಕ ಕೂರುತ್ತಿದ್ದ ಗೆಳತಿಯ ಮನೆ ಪಟ್ಟಣದೊಳಗೇ ಇತ್ತು. ಅವರದು ನಾವು ಬೆಳೆದ ಗೂಡನ್ನು ಕೊಂಡು, ಬಿಸಿನೀರಿನಲ್ಲಿ ಬೇಯಿಸಿ, ನೂಲು ಬಿಚ್ಚುವ ಕೆಲಸ. ಮನೆಮಾತು ಉರ್ದು. ನಮ್ಮ ಜೊತೆ ಕನ್ನಡ, ಬೀದಿಯಲ್ಲಿ ಜಗಳ ಬಿದ್ದರೆ ತೆಲುಗು. ಅವಳು ನನ್ನ ಹಾಗಲ್ಲ. ನಾನು ಹತ್ತು ಮಾತಾಡಿ ಕೆಡಿಸುವ ಕಡೆ ಅವಳು ಒಂದು ಮಾತಾಡಿ ಸುಮ್ಮನಾಗುತ್ತಿದ್ದಳು. ಲೆಕ್ಕದಲ್ಲಿ ತರಗತಿಗೇ ಮೊದಲು. ಮನೆಯಲ್ಲಿ ಮಾತ್ರ ಅವಳ ಓದಿನ ಮೇಲೆ ಅಂಥ ಭರವಸೆ ಇರಲಿಲ್ಲ. ಅವಳ ಅಕ್ಕಂದಿರೆಲ್ಲ ಎಂಟನೆಯದಕ್ಕೇ ಬಿಟ್ಟಿದ್ದರು. ಹೇಗೋ ಎಸ್ಸೆಸ್ಸೆಲ್ಸಿ ಮುಗಿಸಿಬಿಟ್ಟರೆ ಕಾಲೇಜಿನ ಬಾಗಿಲು ತಾನೇ ತೆರೆಯುತ್ತದೆ ಎಂದು ಅವಳ ಆಸೆ. ಆ ವರ್ಷ ದಾಟುವುದೊಂದೇ ಅವಳಿಗೆ ಬೇಕಾಗಿದ್ದದ್ದು.

ನಾವು ಹತ್ತನೆಯದರಲ್ಲಿದ್ದ ಆ ವರ್ಷ ಆಗಸ್ಟ್ ಹದಿನೈದಕ್ಕೆ ತಾಲ್ಲೂಕು ಮೈದಾನದಲ್ಲಿ ಸಾಮೂಹಿಕ ಕವಾಯತು ಮಾಡುವ ಸರದಿ ನಮ್ಮ ಶಾಲೆಗೆ ಬಂತು. ಪಿ.ಟಿ. ಮೇಷ್ಟ್ರಿಗೆ ನಿದ್ದೆಯೇ ಹೋಯಿತು. ಜುಲೈನಿಂದಲೇ ಬಿಸಿಲಲ್ಲಿ ನಿಲ್ಲಿಸಿ ಕೈ ಮೇಲೆ, ಕೈ ಕೆಳಗೆ. ಗೆಳತಿಯನ್ನೂ ನನ್ನನ್ನೂ ಮುಂದಿನ ಸಾಲಿನ ನಟ್ಟನಡುವೆ ನಿಲ್ಲಿಸಿದ್ದರು, ಇಬ್ಬರದೂ ಒಂದೇ ಎತ್ತರ ಎಂದು. ನನಗೆ ಹೇಳಿಕೊಳ್ಳಲಾರದಷ್ಟು ಹೆಮ್ಮೆ. ಬಿಳಿ ಕ್ಯಾನ್ವಾಸ್ ಶೂಗೆ ಸೀಮೆಸುಣ್ಣ ತಿಕ್ಕಿ ತಿಕ್ಕಿ ಅಪ್ಪನ ಕೈಲಿ ಬೈಸಿಕೊಂಡಿದ್ದೆ.

ಒಂದು ದಿನ ಮೇಷ್ಟ್ರು ಸಾಲುಗಳ ಮುಂದೆ ನಿಂತು, "ಹುಳ ಸಾಕೋ ಮನೆಯೋರು ಯಾರ್ಯಾರು? ಕೈ ಎತ್ರಿ" ಎಂದರು. ಅರ್ಧ ಮೈದಾನ ಕೈ ಎತ್ತಿತು. "ಈ ಸಲ ಹುಳದ ನೆಪ ನಡೆಯಲ್ಲ. ಅವತ್ತು ಬರ್ದೇ ಇದ್ದೋರಿಗೆ ದೇಶ ಅಂದ್ರೆ ಲೆಕ್ಕಕ್ಕೇ ಇಲ್ಲ ಅಂತ ತಿಳ್ಕೋತೀನಿ" ಎಂದು ಬೆರಳು ತೋರಿಸಿದರು.

ಅಮ್ಮ ಅದನ್ನು ಕೇಳಿ ಲೆಕ್ಕ ಹಾಕಿಯೇ ಮರಿ ಹುಳು ತಂದಳು. ಹದಿನೈದಕ್ಕೆ ಮುಂಚೆಯೇ ಹುಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ತಟ್ಟಿಯಾದ ಚಂದ್ರಿಕೆಗೆ ಹತ್ತಿ, ಮಗಳು ನಿಶ್ಚಿಂತೆಯಾಗಿ ಕವಾಯತಿಗೆ ಹೋಗಬೇಕು ಎಂಬುದು ಅವಳ ಲೆಕ್ಕಾಚಾರ. ಆದರೆ ಆ ಶ್ರಾವಣದಲ್ಲಿ ಜಡಿಮಳೆ ಹಿಡಿದು ಚಳಿ ಬಿತ್ತು. ಚಳಿಗೆ ಹುಳು ತಿನ್ನುವುದು ನಿಧಾನ, ಪೊರೆ ಬಿಡಲು ಮಲಗುವುದು ನಿಧಾನ, ಏಳುವುದೂ ನಿಧಾನ. ಲೆಕ್ಕವೆಲ್ಲ ತಲೆಕೆಳಗಾಯಿತು. ಹದಿನೈದರ ಬೆಳಗ್ಗೆ ನಾನು ಬಿಳಿ ಯೂನಿಫಾರ್ಮ್ ಹಾಕಿಕೊಂಡು ಹೊರಗೆ ಬಂದರೆ, ಅಮ್ಮ ಹುಳುಮನೆಯ ಬಾಗಿಲಲ್ಲಿ ನಿಂತಿದ್ದಳು. ತಟ್ಟೆ ತಟ್ಟೆಯೂ ಹಣ್ಣಾಗಿ, ಹುಳುಗಳೆಲ್ಲ ತಲೆ ಎತ್ತಿ ಜಾಗ ಹುಡುಕುತ್ತಿದ್ದವು. ಹಣ್ಣಾದ ಹುಳುವನ್ನು ಆಗಲೇ ಆರಿಸಿ ಚಂದ್ರಿಕೆಗೆ ಬಿಡದಿದ್ದರೆ ಎಲ್ಲೆಂದರಲ್ಲಿ ನೂಲು ಉಗುಳಿ ಹಾಳಾಗುತ್ತದೆ. ಒಂದು ತಿಂಗಳ ಕೆಲಸ ಒಂದು ಬೆಳಗಿನಲ್ಲಿ ಹೋಗುತ್ತದೆ.

"ಏನ್ ಮಾಡ್ಲಮ್ಮ ಈಗ" ಎಂದಳು ಅಮ್ಮ. ಅವಳು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ನಾನು ಒಳಗೆ ಹೋಗಿ ಬಟ್ಟೆ ಬದಲಾಯಿಸಿಕೊಂಡು ಬಂದೆ. ಹುಳು ಆರಿಸುತ್ತಾ ಆರಿಸುತ್ತಾ ಅತ್ತೆ. ಅಮ್ಮ ನೋಡಿಯೂ ನೋಡದವಳಂತೆ ಇದ್ದಳು.

ಗೆಳತಿಯೂ ಅವತ್ತು ಹೋಗಿರಲಿಲ್ಲ. ಅದು ನನಗೆ ಮಾರನೆಯ ದಿನ ಪ್ರಾರ್ಥನೆಯಲ್ಲೇ ಗೊತ್ತಾಗಿದ್ದು.

ಮೇಷ್ಟ್ರ ಮುಖ ಕೆಂಪಾಗಿತ್ತು. ಮುಂದಿನ ಸಾಲಿನ ನಡುವೆ ಎರಡು ಜಾಗ ಖಾಲಿ ಬಿದ್ದು, ಉಳಿದವರು ಅದನ್ನು ಮುಚ್ಚಲು ಹೋಗಿ, ಸಾಲೆಲ್ಲ ಸೊಟ್ಟಗಾಗಿ, ಮೇಲಿನವರು ಎಲ್ಲರ ಮುಂದೆಯೇ ಅವರನ್ನು ಬೈದಿದ್ದರಂತೆ. ಅವರ ಸಂಕಟ ಸುಳ್ಳಾಗಿರಲಿಲ್ಲ. ನಮ್ಮಿಬ್ಬರನ್ನೂ ಮುಂದೆ ಕರೆದರು.

"ನೀನ್ಯಾಕೆ ಬರ್ಲಿಲ್ಲ?"

"ಹುಳ ಹಣ್ಣಾಗ್ಬಿಟ್ವು ಸಾರ್."

ಅವರು ನನ್ನನ್ನು ನುಂಗುವಂತೆ ನೋಡಿದರು. ಆಮೇಲೆ ಯಾಕೋ ಉಸಿರು ಬಿಟ್ಟು, "ನಿಮ್ಮ ಹುಳುಗಳಿಗೆ ಕ್ಯಾಲೆಂಡರ್ ತೋರ್ಸಬೇಕು. ಹೋಗು, ಒಳಗೆ ಹೋಗು" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

"ನೀನು?"

"ಹದಿನೈದಕ್ಕೆ ಮಾರ್ಕೆಟ್ ರಜಾ ಅಂತ ಅಬ್ಬ ಹಿಂದಿನ ದಿನವೇ ಜಾಸ್ತಿ ಗೂಡು ತಂದಿದ್ರು ಸಾರ್. ಬಿಚ್ಚುವಾಗ ಬಿಸಿನೀರು ಬಿದ್ದು ಅಮ್ಮಿ ಕೈ ಸುಟ್ಟುಹೋಯ್ತು. ಮನೆ ಕೆಲ್ಸ, ಚಿಕ್ಕ ಮಕ್ಕಳು ಎಲ್ಲ ನಾನೇ ನೋಡ್ಕೋಬೇಕಾಯ್ತು" ಎಂದಳು ಗೆಳತಿ.

ಈ ಸಲ ಮೇಷ್ಟ್ರು ಉಸಿರು ಬಿಡಲಿಲ್ಲ. "ಅದೆಲ್ಲ ಬೇಡ. ಇಲ್ಲೇ ಎಲ್ರ ಮುಂದೆ ನಿಂತ್ಕೊಂಡು ಮೂರು ಸಲ ಜೋರಾಗಿ ಜೈ ಹಿಂದ್ ಅನ್ನು. ಆಮೇಲೆ ಒಳಗೆ ಹೋಗು" ಎಂದರು. ನನಗೆ ಕ್ಯಾಲೆಂಡರಿನ ತಮಾಷೆ, ಅವಳಿಗೆ ಪರೀಕ್ಷೆ. ಯಾಕೆ ಹೀಗೆ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಮೈದಾನದಲ್ಲಿದ್ದ ಎಲ್ಲರಿಗೂ ಅರ್ಥವಾಗಿತ್ತು, ಅವಳಿಗೆ ಎಲ್ಲರಿಗಿಂತ ಮೊದಲೇ.

ಅವಳು ಪ್ರತಿ ವರ್ಷ ನನ್ನ ಪಕ್ಕ ನಿಂತು ನನಗಿಂತ ಜೋರಾಗಿ ಜೈ ಹಿಂದ್ ಎಂದವಳು. ಅವತ್ತು ತಲೆ ಬಗ್ಗಿಸಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಎಲ್ರ ಜೊತೆ ಹೇಳ್ತೀನಿ ಸಾರ್. ಒಬ್ಳೇ ಹೇಳಲ್ಲ" ಎಂದಳು.

"ಹಂಗಾದ್ರೆ ಹೇಳೋವರೆಗೂ ಕ್ಲಾಸಿನ ಹೊರಗೇ ನಿಂತಿರು."

ನಿಂತಳು. ಒಂದು ದಿನವಲ್ಲ, ಆ ವಾರವೆಲ್ಲ. ನಾನು ಮೊದಲ ದಿನವೇ ಎದ್ದು ಹೋಗಿ ಅವಳ ಪಕ್ಕ ನಿಂತೆ. ಮೇಷ್ಟ್ರು ಗದರಿಸಿ ಒಳಗೆ ಕಳಿಸಿದರು. ಮತ್ತೆ ಹೋದೆ. ಮತ್ತೆ ಕಳಿಸಿದರು. ಆಮೇಲೆ ಕಿಟಕಿಯ ಪಕ್ಕದ ಜಾಗಕ್ಕೆ ಬಂದು ಕುಳಿತೆ. ಕಿಟಕಿಯ ಕಂಬಿಯ ಆಚೆ ಅವಳು, ಈಚೆ ನಾನು. ಲೆಕ್ಕದ ಮೇಡಂ ಬೋರ್ಡಿನ ಮೇಲೆ ಬರೆದದ್ದನ್ನು ಅವಳು ಹೊರಗಿನಿಂದಲೇ ಇಣುಕಿ ನೋಡಿ, ಕಿಟಕಿಯ ಕಟ್ಟೆಯ ಮೇಲೆ ಪುಸ್ತಕ ಇಟ್ಟು ಬರೆದುಕೊಳ್ಳುತ್ತಿದ್ದಳು. ಅವಳ ಯೂನಿಫಾರ್ಮಿನ ಬಿಳಿ ತೋಳಿನ ಮೇಲೆಲ್ಲ ಕಂಬಿಯ ತುಕ್ಕು. ನಾನು ಹಲ್ಲು ಕಡಿಯುತ್ತಾ ಕುಳಿತಿದ್ದರೆ ಅವಳೇ ನನ್ನನ್ನು ಸಮಾಧಾನ ಮಾಡುತ್ತಿದ್ದಳು. "ಹೊರಗೆ ಗಾಳಿ ಚೆನ್ನಾಗಿದೆ ಕಣೇ. ನೀನು ಸುಮ್ನೆ ಪಾಠ ಕೇಳು" ಎನ್ನುತ್ತಿದ್ದಳು.

ಆದರೆ ವಾರದ ಕೊನೆಗೆ ಅವಳ ದನಿ ಬಿತ್ತು. "ಅಬ್ಬಂಗೆ ಗೊತ್ತಾಯ್ತು. ಟೀಸಿ ತಗೋತೀನಿ ಅಂತಾವ್ರೆ" ಎಂದಳು. ಅಷ್ಟೇ ಹೇಳಿದ್ದು. ಅಳಲಿಲ್ಲ. ಅವಳು ಅತ್ತಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಅವತ್ತು ಸಂಜೆ ಮನೆಗೆ ಬಂದವಳೇ ಬ್ಯಾಗ್ ಎಸೆದು ಅಮ್ಮನ ಮುಂದೆ ಎಲ್ಲವನ್ನೂ ಕಾರಿಕೊಂಡೆ. ಅಮ್ಮ ಚಂದ್ರಿಕೆಯಿಂದ ಗೂಡು ಬಿಡಿಸುತ್ತಾ ಕೇಳಿಸಿಕೊಂಡಳು. ಕೊನೆಗೆ, "ಯಾರು, ಆ ರೀಲರ್ ಮಗಳಾ?" ಎಂದಳು. ನಮ್ಮ ಮನೆಯಲ್ಲಿ ರೀಲರ್ ಎಂಬುದು ಒಳ್ಳೆಯ ಮಾತಾಗಿರಲಿಲ್ಲ. ಗೂಡು ಕೊಳ್ಳುವ ರೀಲರುಗಳೆಲ್ಲ ರೈತರ ಹೊಟ್ಟೆ ಹೊಡೆಯುವವರು ಎಂದು ಮಾರುಕಟ್ಟೆಯಿಂದ ಬಂದಾಗಲೆಲ್ಲ ಅಮ್ಮ ಶಾಪ ಹಾಕುತ್ತಿದ್ದಳು. ಅವಳಿಂದ ಏನೂ ಆಗದು ಎಂದುಕೊಂಡು ನಾನು ಊಟ ಬಿಟ್ಟು ಮಲಗಿದೆ.

ಮಾರನೆಯ ದಿನ ಅಮ್ಮ ಗೂಡು ತೆಗೆದುಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಬಂದಳು. ಅಲ್ಲಿ ನಡೆದದ್ದನ್ನು ಆಮೇಲೆ ಅವಳೇ ಹೇಳಿದ್ದು. ಗೂಡಿನ ಮಾರುಕಟ್ಟೆಯಲ್ಲಿ ರೈತರು ತಮ್ಮ ತಮ್ಮ ರಾಶಿಯ ಪಕ್ಕ ಕಾವಲು ನಿಂತಂತೆ ನಿಂತಿರುತ್ತಾರೆ. ರೀಲರುಗಳು ಬಂದು ಒಂದು ಹಿಡಿ ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಇದು ತೆಳು, ಇದು ಕಲೆ ಎಂದು ತಪ್ಪು ಹುಡುಕುತ್ತಾರೆ. ಹರಾಜು ಮುಗಿಯುವವರೆಗೆ ಅಮ್ಮ ಯಾವತ್ತೂ ರಾಶಿ ಬಿಟ್ಟು ಕದಲಿದವಳಲ್ಲ. ನೀರು ಕುಡಿಯಲೂ ಹೋಗುತ್ತಿರಲಿಲ್ಲ. ಅವತ್ತು ರೀಲರುಗಳ ನಡುವೆ ಗೆಳತಿಯ ತಂದೆ ಕಂಡರು. ಮುಖಪರಿಚಯವಿತ್ತು. ಅಮ್ಮ ನೇರವಾಗಿ ಕೇಳಿದಳು.

"ಅಣ್ಣಾ, ನಿಮ್ಮ ಮಗಳ್ನ ಹೊರಗಡೆ ನಿಲ್ಸಿದಾರಂತೆ. ಹೋಗಿ ಕೇಳಲ್ವಾ?"

"ನಾನು ಹೋಗಿ ಕೇಳಿದ್ರೆ ಬೇರೆ ಥರ ಆಗ್ತದೆ ಅಕ್ಕ" ಎಂದರಂತೆ ಅವರು. "ಜಗಳಕ್ಕೆ ಬಂದ ಅಂತಾರೆ. ಇವತ್ತು ಮಾರ್ಕೆಟ್ ಮುಗಿದ ಮೇಲೆ ಹೋಗಿ ಟೀಸಿ ತಗೊಂಡ್ಬಿಡ್ತೀನಿ. ಮರ್ಯಾದೆಯಾಗಿ ಮನೇಲಿರ್ಲಿ."

ಅಮ್ಮ ಒಂದು ಗಳಿಗೆ ತನ್ನ ರಾಶಿ ನೋಡಿದಳಂತೆ. "ಹಂಗಾದ್ರೆ ನನ್ನ ಗೂಡು ನೋಡ್ಕೊಂಡಿರಿ. ನಾನು ಹೋಗ್ಬರ್ತೀನಿ" ಎಂದು ಹೊರಟೇಬಿಟ್ಟಳು. ಪಕ್ಕದ ರಾಶಿಯ ರೈತ ಬಾಯಿ ಬಿಟ್ಟುಕೊಂಡು, "ಏಮಕ್ಕಾ, ರೀಲರ್ ಚೇತಿಕೇ ಇಸ್ತಿವಾ!" ಎಂದು ಕೂಗಿದನಂತೆ. ರೀಲರನ ಕೈಗೇ ಕೊಟ್ಟೆಯಲ್ಲ ಎಂದು. ಅಮ್ಮ ತಿರುಗಿಯೂ ನೋಡಲಿಲ್ಲ.

ನಾನು ಕಿಟಕಿಯಿಂದ ಕಂಡೆ. ಸೆರಗಿಗೆಲ್ಲ ಗೂಡಿನ ಎಳೆ ಅಂಟಿಸಿಕೊಂಡು ಅಮ್ಮ ಶಾಲೆಯ ಗೇಟು ದಾಟಿ ಬರುತ್ತಿದ್ದಳು. ನೆಟ್ಟಗೆ ಗೆಳತಿಯ ಹತ್ತಿರ ಬಂದು, "ತಿಂಡಿ ತಿಂದ್ಯಾಮ್ಮ?" ಎಂದಳು. ಅವಳು ಹೂಂ ಎಂದಳು. "ಅಮ್ಮನ ಕೈ ಹೆಂಗಿದೆ?" ಎಂದಳು. ಆ ವಾರವೆಲ್ಲ ಶಾಲೆಯಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ಗೆಳತಿಯ ಕಣ್ಣು ಆಗ ತುಂಬಿತು.

ನಮ್ಮ ಕ್ಲಾಸಿನ ಪಕ್ಕವೇ ಹೆಡ್‌ಮಿಸ್ ಕೋಣೆ. ಅವರು ಚಿಕ್ಕಬಳ್ಳಾಪುರದಿಂದ ಓಡಾಡುತ್ತಿದ್ದರು. ಆ ವಾರ ತರಬೇತಿಗೆಂದು ಹೋಗಿದ್ದವರು ಅವತ್ತೇ ವಾಪಸು ಬಂದಿದ್ದರು. ಅಮ್ಮ ಅಭ್ಯಾಸಬಲದಿಂದ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದಳು. ಪಿ.ಟಿ. ಮೇಷ್ಟ್ರೂ ಅಲ್ಲೇ ಇದ್ದರು. ಅಮ್ಮನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಒಂದೊಂದು ಮಾತೂ ನಮ್ಮ ತರಗತಿಗೆ ಕೇಳಿಸಿತು.

"ನನ್ನ ಮಗಳೂ ಅವತ್ತು ಬರ್ಲಿಲ್ಲ ಮೇಡಂ. ಅವಳ್ನ ಒಳಗೆ ಕೂರ್ಸಿದೀರ, ಈ ಮಗೂನ ಹೊರಗೆ ನಿಲ್ಸಿದೀರ. ಇಬ್ರದೂ ಅದೇ ಗೂಡಿನ ಕೆಲಸ. ನಾವು ಕಟ್ಟಿಸ್ತೀವಿ, ಅವ್ರು ಬಿಚ್ತಾರೆ. ನನ್ನ ಮಗಳ್ನೂ ಹೊರಗೆ ನಿಲ್ಸಿ, ಇಲ್ಲಾಂದ್ರೆ ಇವಳ್ನೂ ಒಳಗೆ ಕೂರ್ಸಿ. ಯಾವ್ದಾದ್ರೂ ಒಂದು ಬೇಗ ಮಾಡಿ. ಗೂಡು ಬಿಟ್ಟು ಬಂದಿದೀನಿ."

"ಅಮ್ಮ, ಇದು ದೇಶದ ವಿಷಯ, ನಿಮಗೆ ಗೊತ್ತಾಗಲ್ಲ" ಎಂದರು ಮೇಷ್ಟ್ರು.

"ದೇಶದ ವಿಷಯ ಅಂತಾನೇ ಕೇಳ್ತಿದೀನಿ ಸಾರ್. ಗಣಿತದ ವಿಷಯ ಆಗಿದ್ರೆ ನಾನ್ಯಾಕೆ ಬರ್ಲಿ?"

ತರಗತಿಯಲ್ಲಿ ಯಾರೋ ಕಿಸಕ್ಕೆಂದರು. ಹೆಡ್‌ಮಿಸ್ ಮೇಷ್ಟ್ರನ್ನು ಬೈಯಲಿಲ್ಲ. ಅವರ ದನಿ ಸಣ್ಣದು, ಕಿವಿಗೊಟ್ಟು ಕೇಳಬೇಕಾಯಿತು. "ಹುಡುಗಿ ಏನಂದ್ಲು ಮೇಷ್ಟ್ರೇ, ಸರಿಯಾಗಿ ಹೇಳಿ" ಎಂದರು.

"ಎಲ್ರ ಜೊತೆ ಹೇಳ್ತೀನಿ, ಒಬ್ಳೇ ಹೇಳಲ್ಲ ಅಂದ್ಲು ಮೇಡಂ."

"ಅದರಲ್ಲಿ ತಪ್ಪೇನಿದೆ? ನಾಳೆ ಎಲ್ರೂ ಹೇಳೋಣ. ನೀವೂ, ನಾನೂ."

ಆಮೇಲೆ ಹೊರಗೆ ಬಂದು ಗೆಳತಿಯ ಭುಜ ಹಿಡಿದು ತಾವೇ ಒಳಗೆ ಕರೆತಂದು ಕೂರಿಸಿದರು. ಅಮ್ಮ ಆಗಲೇ ಗೇಟಿನ ಕಡೆಗೆ ಓಡುತ್ತಿದ್ದಳು.

ಮಾರುಕಟ್ಟೆಯಲ್ಲಿ ಗೆಳತಿಯ ತಂದೆ ಅಮ್ಮನ ರಾಶಿಯ ಮುಂದೆ ಕೈ ಹಿಂದೆ ಕಟ್ಟಿ ನಿಂತಿದ್ದರಂತೆ, ಥೇಟ್ ರೈತರ ಹಾಗೆ. ಯಾರು ಕೈ ಹಾಕಲು ಬಂದರೂ "ಯಜಮಾನಿ ಬರ್ಲಿ" ಎಂದು ಕಳಿಸಿದ್ದರಂತೆ. ತಮ್ಮ ಅವತ್ತಿನ ಖರೀದಿಯನ್ನೂ ಬಿಟ್ಟು ನಿಂತಿದ್ದರು. ಒಂದು ಗೂಡೂ ಕದಲಿರಲಿಲ್ಲ. "ಏನಂದ್ರು?" ಎಂದರು. "ಟೀಸಿ ಕೇಳೋಕೆ ಹೋಗ್ಬೇಡಿ. ಒಳಗೆ ಕೂತಿದಾಳೆ" ಎಂದಳು ಅಮ್ಮ. ಅವರು ಕೈ ಬಿಚ್ಚಿ, ಅಮ್ಮನ ರಾಶಿಯಿಂದಲೇ ಒಂದು ಹಿಡಿ ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, "ಸ್ವಲ್ಪ ತೆಳು ಅಕ್ಕ" ಎಂದರಂತೆ. ಅಮ್ಮ ಎಂದಿನಂತೆ ಜಗಳ ತೆಗೆದಳು. ಈ ಭಾಗವನ್ನು ಹೇಳುವಾಗಲೆಲ್ಲ ಅಮ್ಮನಿಗೆ ನಗು ತಡೆಯಲಾಗುವುದಿಲ್ಲ.

ಮಾರನೆಯ ದಿನ ಪ್ರಾರ್ಥನೆಯಲ್ಲಿ ವೇದಿಕೆಯ ಮೇಲೆ ಯಾರೂ ಇರಲಿಲ್ಲ. ಹೆಡ್‌ಮಿಸ್ ನಮ್ಮ ಸಾಲಿನಲ್ಲಿ ಬಂದು ನಿಂತರು. ಮೇಷ್ಟ್ರು ಹುಡುಗರ ಸಾಲಿನಲ್ಲಿ ನಿಂತರು. ಇಡೀ ಶಾಲೆ ಒಟ್ಟಿಗೆ ಜೈ ಹಿಂದ್ ಎಂದಿತು. ನಾನು ನನ್ನ ಬಾಯಿ ಮುಚ್ಚಿಕೊಂಡು ಪಕ್ಕದ ದನಿಗೆ ಕಿವಿಗೊಟ್ಟೆ. ಅವಳ ದನಿ ಪ್ರತಿ ವರ್ಷದ ಹಾಗೆಯೇ ಇತ್ತು, ನನ್ನ ದನಿಯನ್ನು ನುಂಗಿಹಾಕುವಷ್ಟು ಜೋರು.

ಸಾಲು ಕರಗುವಾಗ ಮೇಷ್ಟ್ರು ನಮ್ಮ ಹತ್ತಿರ ಬಂದರು. ಅವಳ ಕಡೆ ಪೂರ್ತಿ ನೋಡಲಾಗದೆ ಸೀಟಿಯ ದಾರ ತಿರುವುತ್ತಾ, "ನಿಮ್ಮಮ್ಮನ ಕೈ ವಾಸಿ ಆಯ್ತಾ?" ಎಂದರು. ಆಗ ನನಗೆ ಅವರ ಮೇಲೆ ಸಿಟ್ಟು ಇಳಿದಿರಲಿಲ್ಲ. ಈಗ ನಾನೂ ಮೇಷ್ಟ್ರ ಕೆಲಸ ಮಾಡುತ್ತಿದ್ದೇನೆ. ತಪ್ಪಿದ್ದೇನೆಂದು ಮಕ್ಕಳ ಮುಂದೆ ತೋರಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ಗೊತ್ತು. ಜನವರಿಯ ಕವಾಯತಿಗೆ ಅವರು ನಮ್ಮಿಬ್ಬರನ್ನೂ ಮತ್ತೆ ಮುಂದಿನ ಸಾಲಿನಲ್ಲೇ ನಿಲ್ಲಿಸಿದರು. ಅದಾದ ಮೇಲೆ ಯಾವ ಮಗುವನ್ನೂ ಒಂಟಿಯಾಗಿ ಮುಂದೆ ಕರೆದು ಜೈಕಾರ ಹೇಳಿಸಿದ್ದನ್ನು ನಾನು ಕಾಣಲಿಲ್ಲ. ಅವರಿಗೂ ನಾನು ಕೃತಜ್ಞಳು. ಇದನ್ನು ಹೇಳಲು ನನಗೆ ಇಷ್ಟು ವರ್ಷ ಹಿಡಿಯಿತು.

ಗೆಳತಿ ಎಸ್ಸೆಸ್ಸೆಲ್ಸಿಯನ್ನು ನನಗಿಂತ ಚೆನ್ನಾಗಿ ದಾಟಿದಳು. ಈಗ ಚಿಂತಾಮಣಿಯ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ನಮ್ಮಮ್ಮನ ಸಕ್ಕರೆ ಕಾಯಿಲೆಯ ಪರೀಕ್ಷೆಗೆ ರಕ್ತ ತೆಗೆಯುವವಳೂ ಅವಳೇ. ಬೇರೆ ಯಾರ ಕೈಗೂ ಅಮ್ಮ ಬೆರಳು ಕೊಡುವುದಿಲ್ಲ. ಒಮ್ಮೆ ನಾನು, "ಅವತ್ತು ನಿನಗೆ ಅಷ್ಟು ಧೈರ್ಯ ಎಲ್ಲಿಂದ ಬಂತಮ್ಮ?" ಎಂದು ಕೇಳಿದೆ. "ಧೈರ್ಯ ಏನ್ ಬಂತು? ನೀನು ಊಟ ಬಿಟ್ಟು ಮಲ್ಗಿದ್ಯಲ್ಲ" ಎಂದಳು. ಇಂಥ ತಾಯಿಯನ್ನು ಪಡೆದದ್ದಕ್ಕೆ ನಾನು ಯಾರಿಗೆ ಕೈ ಮುಗಿಯಬೇಕೋ ಗೊತ್ತಿಲ್ಲ.

ಈ ಆಗಸ್ಟ್‌ನಲ್ಲಿ ಗೆಳತಿ ಫೋನ್ ಮಾಡಿದಳು. ಅವಳ ಮಗಳು ಒಂದನೆಯ ತರಗತಿ. ದನಿಯಲ್ಲಿ ಏನೋ ಗಾಬರಿ.

"ಹದಿನೈದಕ್ಕೆ ಇವಳ ಕೈಲಿ ಜೈ ಹಿಂದ್ ಹೇಳಿಸ್ತಾರಂತೆ ಕಣೇ. ಸ್ಟೇಜ್ ಮೇಲೆ. ಒಬ್ಳೇ."

ನನಗೆ ತಕ್ಷಣ ಆ ಕಿಟಕಿಯ ಕಂಬಿ ಕಣ್ಣ ಮುಂದೆ ಬಂತು. "ಯಾಕಂತೆ? ಯಾರು ಹೇಳಿದ್ದು? ನಾನು ಬರ್ಲಾ?" ಎಂದು ಕುರ್ಚಿಯಿಂದ ಎದ್ದೇಬಿಟ್ಟೆ.

"ಅಯ್ಯೋ ತಡಿಯೇ. ಇವಳ ದನಿ ಚೆನ್ನಾಗಿದೆ ಅಂತ ಮಿಸ್ಸೇ ಆರಿಸಿದ್ದು. ಇವಳು ಹೇಳಿದ್ಮೇಲೆ ಎಲ್ರೂ ಹೇಳ್ಬೇಕಂತೆ."

"ಅವಳಿಗೆ ಇಷ್ಟಾನಾ?"

"ಮನೆ ತುಂಬ ಕುಣೀತಾ ಇದಾಳೆ. ಬೆಳಗಿಂದ ನಮ್ಮ ಕಿವಿ ಹೋಯ್ತು."

"ಮತ್ತೆ ನಿನಗೇನೇ ಗಾಬರಿ?"

ಫೋನಿನ ಆಚೆ ಮಗುವಿನ ದನಿ ಕೇಳುತ್ತಿತ್ತು.

"ಏನಿಲ್ಲ. ರಜಾ ಹಾಕಿದೀನಿ. ನಾನು ಕೆಳಗೆ ಎಲ್ರ ಜೊತೆ ನಿಂತ್ಕೋತೀನಿ" ಎಂದಳು. "ಅವಳು ಹೇಳಿದ್ಮೇಲೆ ಹೇಳೋಕೆ."